ಉಚಿತವೋ ಮುಕ್ತವೋ: ಹವ್ಯಾಸಿಗಳ ಪಿಸಿಬಿ ವಿನ್ಯಾಸಕ್ಕೆ ತಂತ್ರಾಂಶದ ಆಯ್ಕೆ

ರೇಡಿಯೋ, ದೂರದರ್ಶನ, ಮೊಬೈಲ್ ಫೋನ್ ಹೀಗೆ ಯಾವುದೇ ವಿದ್ಯುನ್ಮಾನ ಉಪಕರಣದ ಹೊರಕವಚವನ್ನು ಬಿಚ್ಚಿದರೂ ಮೊದಲು ಕಣ್ಣಿಗೆ ಬೀಳುವುದು ತೆಳುವಾದ ಒಂದು ಹಸಿರು ಫಲಕ. ಬಿಡಿಭಾಗಗಳನ್ನು ಹೊತ್ತು ನಿಲ್ಲುವುದು ಮತ್ತು ಅವುಗಳ ನಡುವೆ ವಿದ್ಯುತ್ ಸಂಪರ್ಕವನ್ನು ಏರ್ಪಡಿಸುವುದು ಎಂಬ ಎರಡು ಕೆಲಸಗಳನ್ನು ಈ ಫಲಕ ಒಟ್ಟಿಗೆ ನಿರ್ವಹಿಸುತ್ತದೆ. ಇದೇ ಮುದ್ರಿತ ವಿದ್ಯುನ್ಮಂಡಲ ಫಲಕ. ಬಳಕೆಯ ಮಾತಿನಲ್ಲಿ ಪಿಸಿಬಿ. ಆಸ್ಟ್ರಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಪಾಲ್ ಐಸ್ಲರ್ 1930ರ ದಶಕದಲ್ಲಿ ಮುದ್ರಿತ ಮಂಡಲವುಳ್ಳ ರೇಡಿಯೋ ಒಂದನ್ನು ತಯಾರಿಸಿ ತೋರಿಸಿದ ಕಾಲಕ್ಕೆ ಅದರಲ್ಲಿ ಆಸಕ್ತಿ ತೋರಿದವರು ವಿರಳ. ಎರಡನೆಯ ಮಹಾಯುದ್ಧದಲ್ಲಿ ಸ್ಫೋಟಕಗಳ ಸಾಮೀಪ್ಯ ಫ್ಯೂಸ್‌ಗಳಿಗೆ ಮುದ್ರಿತ ಮಂಡಲಗಳು ಬಳಕೆಯಾದ ಮೇಲೆ ಆ ವಿಧಾನದ ಬೆಲೆ ಜಗತ್ತಿಗೆ ತಿಳಿಯಿತು.

ಹವ್ಯಾಸಿಗಳ ಪಾಲಿಗೆ ಬಹುಕಾಲ ಪಿಸಿಬಿ ಎಂಬುದು ಕೈಕೆಲಸವೇ ಆಗಿತ್ತು. ತಾಮ್ರದ ಹಾಳೆ ಅಂಟಿಸಿದ ಫಲಕದ ಮೇಲೆ ಎನಾಮಲ್ ಬಣ್ಣದಿಂದಲೋ ಅಳಿಸಲಾಗದ ಶಾಯಿಯ ಪೆನ್ನಿನಿಂದಲೋ ಗೆರೆಗಳನ್ನು ಬರೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿ, ಬಣ್ಣವಿಲ್ಲದ ಕಡೆಯ ತಾಮ್ರವನ್ನು ಕರಗಿಸಿ ತೆಗೆಯುವುದು ವಾಡಿಕೆ. ಹತ್ತಿಪ್ಪತ್ತು ಬಿಡಿಭಾಗಗಳ ಸರಳ ಮಂಡಲಕ್ಕೆ ಇದು ಇಂದಿಗೂ ಸಾಕು. ಆದರೆ ನೂರು ಕಾಲುಗಳ ಮೈಕ್ರೋಕಂಟ್ರೋಲರ್‌ಗಳು ಹವ್ಯಾಸಿಯ ಮೇಜಿಗೆ ಬಂದ ಮೇಲೆ, ಮತ್ತು ಕಾರ್ಖಾನೆಗಳು ಐದು ಹತ್ತು ಫಲಕಗಳ ಸಣ್ಣ ಬೇಡಿಕೆಯನ್ನೂ ಕೈಗೆಟಕುವ ದರದಲ್ಲಿ ಪೂರೈಸತೊಡಗಿದ ಮೇಲೆ, ವಿನ್ಯಾಸವು ಕಂಪ್ಯೂಟರಿಗೆ ವರ್ಗಾವಣೆಗೊಂಡಿತು. ವೃತ್ತಿಪರ ಸಂಸ್ಥೆಗಳು ಬಳಸುವ ವಿನ್ಯಾಸ ತಂತ್ರಾಂಶಗಳ ಬೆಲೆ ಲಕ್ಷಗಳಲ್ಲಿರುವುದರಿಂದ ಹವ್ಯಾಸಿ ಹಾಗೂ ವಿದ್ಯಾರ್ಥಿ ಸಹಜವಾಗಿಯೇ ಹಣ ಕೊಡದೆ ಸಿಗುವ ತಂತ್ರಾಂಶದ ಕಡೆಗೆ ತಿರುಗುತ್ತಾರೆ.

ಇಂಗ್ಲಿಷಿನವರು ಇಲ್ಲಿ ‘ಫ್ರೀ’ ಎಂಬ ಒಂದೇ ಪದದಿಂದ ಕಷ್ಟಪಡುತ್ತಾರೆ. ಕನ್ನಡಕ್ಕೆ ಆ ತೊಡಕಿಲ್ಲ. ಬೆಲೆಯಿಲ್ಲದ್ದು ಉಚಿತ, ಬಂಧನವಿಲ್ಲದ್ದು ಮುಕ್ತ. ಪಿಸಿಬಿ ವಿನ್ಯಾಸ ತಂತ್ರಾಂಶಗಳಲ್ಲಿ ಉಚಿತವಾಗಿದ್ದೂ ಮುಕ್ತವಲ್ಲದವು ಇವೆ, ಮುಕ್ತವಾಗಿದ್ದೂ ಉಚಿತವಲ್ಲದವು ಇವೆ, ಎರಡೂ ಆಗಿರುವವೂ ಇವೆ. ಆಯ್ಕೆಯ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ‘ಯಾವುದು ಕಲಿಯಲು ಸುಲಭ’ ಎಂಬುದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಇಂದು ಬರೆದ ವಿನ್ಯಾಸವನ್ನು ಹತ್ತು ವರ್ಷಗಳ ನಂತರ ತೆರೆಯುವ ಹಕ್ಕು ಯಾರ ಕೈಯಲ್ಲಿರುತ್ತದೆ ಎಂಬುದು.

ತಂತ್ರಾಂಶ ಮಾಡುವ ಕೆಲಸ

ವಿನ್ಯಾಸದ ಕಾರ್ಯ ಎರಡು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲನೆಯದು ಮಂಡಲ ನಕ್ಷೆ. ರೋಧಕ, ಧಾರಕ, ಟ್ರಾನ್ಸಿಸ್ಟರ್, ಐಸಿ ಮುಂತಾದವುಗಳನ್ನು ಸಂಕೇತಗಳ ರೂಪದಲ್ಲಿ ಇರಿಸಿ, ಯಾವ ಕಾಲು ಯಾವ ಕಾಲಿಗೆ ಸೇರಬೇಕೆಂಬುದನ್ನು ಗೆರೆಗಳಿಂದ ಸೂಚಿಸುವುದು. ಇಲ್ಲಿ ಅಳತೆಗೆ ಅರ್ಥವಿಲ್ಲ. ಸಂಬಂಧಕ್ಕೆ ಮಾತ್ರ ಅರ್ಥ. ಈ ನಕ್ಷೆಯಿಂದ ತಂತ್ರಾಂಶವು ಸಂಪರ್ಕ ಪಟ್ಟಿಯೊಂದನ್ನು ಸಿದ್ಧಪಡಿಸುತ್ತದೆ. ಎರಡನೆಯ ಘಟ್ಟದಲ್ಲಿ ಪ್ರತಿಯೊಂದು ಸಂಕೇತಕ್ಕೂ ಒಂದು ‘ಫುಟ್‌ಪ್ರಿಂಟ್’, ಅಂದರೆ ಆ ಬಿಡಿಭಾಗದ ಕಾಲುಗಳು ಫಲಕದ ಮೇಲೆ ಕೂರುವ ಜಾಗದ ನಿಖರ ನಕ್ಷೆ, ಜೋಡಣೆಯಾಗುತ್ತದೆ. ಅವುಗಳನ್ನು ಫಲಕದ ಎಲ್ಲೆಯೊಳಗೆ ಹೊಂದಿಸಿ ತಾಮ್ರದ ಗೆರೆಗಳನ್ನು ಎಳೆಯುವಾಗ, ಸಂಪರ್ಕ ಪಟ್ಟಿಯಲ್ಲಿ ಇಲ್ಲದ ಜೋಡಣೆಯನ್ನು ತಂತ್ರಾಂಶವು ತಡೆಯುತ್ತದೆ. ಇನ್ನೂ ಆಗದೇ ಉಳಿದ ಜೋಡಣೆಯನ್ನು ತೆಳುವಾದ ಎಳೆಯಾಗಿ ತೋರಿಸುತ್ತಲೇ ಇರುತ್ತದೆ. ಚಿತ್ರ ಬರೆಯುವ ಸಾಮಾನ್ಯ ತಂತ್ರಾಂಶಕ್ಕೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಎಲ್ಲವೂ ಮುಗಿದ ಮೇಲೆ ಬರುವುದು ವಿನ್ಯಾಸ ನಿಯಮಗಳ ಪರಿಶೀಲನೆ. ಎರಡು ಗೆರೆಗಳ ನಡುವಿನ ಅಂತರ, ಗೆರೆಯ ಕನಿಷ್ಠ ಅಗಲ, ರಂಧ್ರದ ಕನಿಷ್ಠ ವ್ಯಾಸ ಮುಂತಾದವು ಕಾರ್ಖಾನೆಯ ಸಾಮರ್ಥ್ಯಕ್ಕೆ ಹೊಂದುತ್ತವೆಯೇ ಎಂಬುದನ್ನು ತಂತ್ರಾಂಶ ನೋಡುತ್ತದೆ. ಈಗಿನ ಕಾರ್ಖಾನೆಗಳು 0.15 ಮಿ.ಮೀ. ಅಗಲದ ಗೆರೆಯನ್ನು ಸಾಮಾನ್ಯ ದರದಲ್ಲೇ ತಯಾರಿಸಿಕೊಡುತ್ತವೆ. ಮನೆಯಲ್ಲಿ ಲೇಸರ್ ಮುದ್ರಕದ ಪ್ರತಿಯನ್ನು ಇಸ್ತ್ರಿಪೆಟ್ಟಿಗೆಯಿಂದ ತಾಮ್ರಕ್ಕೆ ಒತ್ತಿ ತಯಾರಿಸುವವರು 0.5 ಮಿ.ಮೀ.ಗಿಂತ ಕಡಿಮೆಗೆ ಹೋಗದಿರುವುದು ಕ್ಷೇಮ. ಯಾವ ಮಾರ್ಗ ಹಿಡಿಯಬೇಕೆಂಬುದನ್ನು ಮೊದಲೇ ನಿರ್ಧರಿಸಿ ಆ ಅಂಕಿಗಳನ್ನು ತಂತ್ರಾಂಶಕ್ಕೆ ತಿಳಿಸದಿದ್ದರೆ, ಪರಿಶೀಲನೆ ‘ದೋಷವಿಲ್ಲ’ ಎಂದು ಹೇಳಿದರೂ ಅದಕ್ಕೆ ಬೆಲೆಯಿಲ್ಲ.

ಕಾರ್ಖಾನೆಗೆ ಹೋಗುವುದು ವಿನ್ಯಾಸದ ಮೂಲ ಕಡತವಲ್ಲ, ಗರ್ಬರ್ ಕಡತಗಳು. ಅಮೆರಿಕದ ಜೋಸೆಫ್ ಗರ್ಬರ್ ಸ್ಥಾಪಿಸಿದ ಸಂಸ್ಥೆಯು ತಯಾರಿಸಿದ, ಬೆಳಕಿನ ಕಿರಣದಿಂದ ಫಿಲ್ಮಿನ ಮೇಲೆ ಚಿತ್ರ ಬರೆಯುವ ಯಂತ್ರಗಳಿಗೆ ಆದೇಶ ನೀಡಲು ಹುಟ್ಟಿದ ಭಾಷೆ ಅದು. ‘ಇಂಥ ಗಾತ್ರದ ಬೆಳಕಿನ ಚುಕ್ಕೆಯನ್ನು ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಎಳೆ’ ಎಂಬುದೇ ಅದರ ಮೂಲ ವ್ಯಾಕರಣ. ಯಂತ್ರಗಳು ಬದಲಾದವು, ಭಾಷೆ ಉಳಿಯಿತು. ಇಂದು ಅದರ ವಿವರಣೆಯನ್ನು ಬೆಲ್ಜಿಯಂನ ಯೂಕಾಮ್ಕೋ ಸಂಸ್ಥೆ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಫಲಕದ ಪ್ರತಿಯೊಂದು ಪದರಕ್ಕೂ ಒಂದು ಗರ್ಬರ್ ಕಡತ, ರಂಧ್ರಗಳಿಗೆ ಪ್ರತ್ಯೇಕವಾದ ಇನ್ನೊಂದು ಕಡತ ಇದ್ದರೆ ಜಗತ್ತಿನ ಯಾವ ಮೂಲೆಯ ಕಾರ್ಖಾನೆಯೂ ಫಲಕವನ್ನು ತಯಾರಿಸಬಲ್ಲದು. ಆದರೆ ಗರ್ಬರ್ ಎಂಬುದು ಬೆಂದ ಇಟ್ಟಿಗೆ ಇದ್ದಂತೆ. ಅದರಿಂದ ಮನೆ ಕಟ್ಟಬಹುದೇ ಹೊರತು ಅದನ್ನು ಮತ್ತೆ ಮಣ್ಣಾಗಿಸಿ ಬೇರೆ ಆಕಾರ ಕೊಡಲಾಗದು. ಯಾವ ತಾಮ್ರದ ಗೆರೆ ಯಾವ ಐಸಿಯ ಯಾವ ಕಾಲಿಗೆ ಸೇರಿದ್ದು ಎಂಬ ತಿಳಿವಳಿಕೆ ಇರುವುದು ಮೂಲ ಕಡತದಲ್ಲಿ. ಆದ್ದರಿಂದಲೇ ಮೂಲ ಕಡತದ ಪ್ರಶ್ನೆ ಮುಖ್ಯವಾಗುತ್ತದೆ.

ಉಚಿತದ ಸುತ್ತಲಿನ ಬೇಲಿ

ಸಂಸ್ಥೆಗಳು ತಂತ್ರಾಂಶವನ್ನು ಉಚಿತವಾಗಿ ಕೊಡುವುದರ ಹಿಂದೆ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ, ಆದರೆ ಲೆಕ್ಕಾಚಾರ ಏನೆಂಬುದು ಬಳಸುವವನಿಗೆ ತಿಳಿದಿರಬೇಕು. 2000ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳಲ್ಲಿ ಜನಪ್ರಿಯವಾಗಿದ್ದ ಎಕ್ಸ್‌ಪ್ರೆಸ್‌ಪಿಸಿಬಿ ಎಂಬ ತಂತ್ರಾಂಶ ಅತ್ಯಂತ ಸರಳವಾಗಿತ್ತು. ಅದನ್ನು ಕೊಡುತ್ತಿದ್ದುದು ಫಲಕ ತಯಾರಿಸುವ ಸಂಸ್ಥೆಯೇ. ಆ ತಂತ್ರಾಂಶ ಗರ್ಬರ್ ಕಡತವನ್ನು ಹೊರತೆಗೆಯುತ್ತಿರಲಿಲ್ಲ. ಹೀಗಾಗಿ ವಿನ್ಯಾಸ ಮುಗಿದ ಮೇಲೆ ಫಲಕವನ್ನು ಅದೇ ಸಂಸ್ಥೆಯಿಂದಲೇ ತರಿಸಬೇಕಾಗುತ್ತಿತ್ತು.

ಇನ್ನೊಂದು ಬಗೆಯ ಬೇಲಿ ಮಿತಿಗಳದು. ಡಿಪ್‌ಟ್ರೇಸ್ ತಂತ್ರಾಂಶದ ಉಚಿತ ಆವೃತ್ತಿ ಎರಡು ಪದರ ಹಾಗೂ 300 ಕಾಲುಗಳಿಗೆ ಸೀಮಿತ. ಮುನ್ನೂರು ಎಂಬುದು ಕೇಳಲು ದೊಡ್ಡ ಸಂಖ್ಯೆ. 40 ಕಾಲುಗಳ ಒಂದು ಮೈಕ್ರೋಕಂಟ್ರೋಲರ್, 16 ಕಾಲುಗಳ ಎಂಟು ಐಸಿ, ನಲವತ್ತು ರೋಧಕ, ಇಪ್ಪತ್ತು ಧಾರಕಗಳಿಗೇ ಲೆಕ್ಕ 288 ತಲುಪುತ್ತದೆ. ಆಮೇಲೆ ವಿದ್ಯುತ್ ಪೂರೈಕೆಗೂ ಕನೆಕ್ಟರ್‌ಗಳಿಗೂ ಉಳಿಯುವುದು ಹನ್ನೆರಡು ಕಾಲು. ಫಲಕದ ವಿಸ್ತೀರ್ಣದ ಮಿತಿಯೂ ಹೀಗೆಯೇ. 80 ಚದರ ಸೆಂಟಿಮೀಟರ್ ಎಂದರೆ ಅಂಗೈಯಗಲದ ಫಲಕ. ದೂರದಿಂದ ಕಾಣುವ ಗೋಡೆ ಗಡಿಯಾರಕ್ಕಾಗಿ 2.3 ಅಂಗುಲದ ನಾಲ್ಕು ಎಲ್‌ಇಡಿ ಅಂಕಿಗಳನ್ನು ಸಾಲಾಗಿ ಕೂರಿಸಬೇಕೆಂದರೆ, ಒಂದೊಂದೂ ಸುಮಾರು 48 ಮಿ.ಮೀ. ಅಗಲ, 70 ಮಿ.ಮೀ. ಎತ್ತರ ಇರುವುದರಿಂದ, ಅವುಗಳಿಗೇ 130 ಚದರ ಸೆಂಟಿಮೀಟರಿಗೂ ಹೆಚ್ಚು ಬೇಕು. ಮಂಡಲ ಎಷ್ಟೇ ಸರಳವಾಗಿದ್ದರೂ ಆ ತಂತ್ರಾಂಶ ಅದನ್ನು ಒಪ್ಪುವುದಿಲ್ಲ. ಹವ್ಯಾಸಿ ಕಲಿಯುವ ಕಾಲದಲ್ಲಿ ಮಿತಿ ಕಾಣುವುದಿಲ್ಲ, ಕಲಿತು ದೊಡ್ಡದೊಂದಕ್ಕೆ ಕೈ ಹಾಕಿದಾಗಲೇ ಕಾಣುತ್ತದೆ. ಅಷ್ಟರಲ್ಲಿ ಅವನ ಹಳೆಯ ಕೆಲಸವೆಲ್ಲ ಆ ತಂತ್ರಾಂಶದ ಕಡತಗಳಲ್ಲಿ ಸೇರಿಹೋಗಿರುತ್ತದೆ.

ಈಗಲ್ ನೀಡಿದ ಪಾಠ

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಈಗಲ್. ಜರ್ಮನಿಯ ಕ್ಯಾಡ್‌ಸಾಫ್ಟ್ ಸಂಸ್ಥೆ 1988ರಲ್ಲಿ ಹೊರತಂದ ಈ ತಂತ್ರಾಂಶದ ಹೆಸರು ‘ಬಳಸಲು ಸುಲಭವಾದ ಚಿತ್ರರೂಪಿ ವಿನ್ಯಾಸ ಸಂಪಾದಕ’ ಎಂಬರ್ಥದ ಜರ್ಮನ್ ಪದಗಳ ಮೊದಲಕ್ಷರಗಳಿಂದ ಆದದ್ದು. ಅದರ ಉಚಿತ ಆವೃತ್ತಿ 100 x 80 ಮಿ.ಮೀ. ಫಲಕ ಮತ್ತು ಎರಡು ಪದರಗಳ ಮಿತಿಯೊಳಗೆ ಲಾಭೇತರ ಬಳಕೆಗೆ ದೊರೆಯುತ್ತಿತ್ತು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತಿದ್ದ ಈ ತಂತ್ರಾಂಶ ಕಾಲಕ್ರಮೇಣ ಹವ್ಯಾಸಿಗಳ ಸಾಮಾನ್ಯ ಭಾಷೆಯೇ ಆಯಿತು. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ಫಲಕಗಳ ವಿನ್ಯಾಸ ಸಾರ್ವಜನಿಕವಾಗಿ ಬಿಡುಗಡೆಯಾದದ್ದು ಈಗಲ್ ಕಡತಗಳ ರೂಪದಲ್ಲಿ. ಅಮೆರಿಕದ ಸ್ಪಾರ್ಕ್‌ಫನ್, ಅಡಾಫ್ರೂಟ್ ಸಂಸ್ಥೆಗಳೂ ತಮ್ಮ ವಿನ್ಯಾಸಗಳನ್ನು ಅದೇ ರೂಪದಲ್ಲಿ ಹಂಚಿದವು. ಹೀಗೆ ‘ಮುಕ್ತ ಯಂತ್ರಾಂಶ’ ಎಂದು ಹೆಸರಾದ ಚಳವಳಿಯ ಬಹುಪಾಲು ಕೃತಿಗಳು ಮುಕ್ತವಲ್ಲದ ತಂತ್ರಾಂಶವೊಂದರ ಕಡತಗಳಲ್ಲಿ ಸಂಗ್ರಹಗೊಂಡವು. ಇದರ ವಿಪರ್ಯಾಸ ಆ ದಿನಗಳಲ್ಲಿ ಎಲ್ಲರ ಗಮನಕ್ಕೂ ಬಂದಿರಲಿಲ್ಲ.

ತಂತ್ರಾಂಶದ ಒಡೆತನ ಕೈ ಬದಲಾಯಿಸಿತು. 2009ರಲ್ಲಿ ಬಿಡಿಭಾಗ ಮಾರಾಟದ ಪ್ರೀಮಿಯರ್ ಫಾರ್ನೆಲ್ ಸಂಸ್ಥೆ ಕ್ಯಾಡ್‌ಸಾಫ್ಟ್ ಅನ್ನು ಕೊಂಡಿತು. 2016ರಲ್ಲಿ ಅದು ಅಮೆರಿಕದ ಆಟೊಡೆಸ್ಕ್‌ಗೆ ಹಸ್ತಾಂತರವಾಯಿತು. 2017ರ ಜನವರಿಯಲ್ಲಿ, ಒಮ್ಮೆ ಹಣ ಕೊಟ್ಟು ಶಾಶ್ವತ ಪರವಾನಗಿ ಪಡೆಯುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂದಿತು. ಉಚಿತ ಆವೃತ್ತಿಯನ್ನು ಬಳಸುವವರೂ ಸಂಸ್ಥೆಯ ಖಾತೆಯ ಮೂಲಕವೇ ಪ್ರವೇಶಿಸಬೇಕಾಯಿತು. 2023ರ ಜೂನ್‌ನಲ್ಲಿ ಆಟೊಡೆಸ್ಕ್, 2026ರ ಜೂನ್ 7ರ ನಂತರ ಈಗಲ್‌ಗೆ ಮಾರಾಟವೂ ಬೆಂಬಲವೂ ಇರುವುದಿಲ್ಲವೆಂದು ಘೋಷಿಸಿತು. ಅದರ ಕಾರ್ಯಭಾರವನ್ನು ಫ್ಯೂಷನ್ ಎಂಬ ಇನ್ನೊಂದು ತಂತ್ರಾಂಶಕ್ಕೆ ವಹಿಸಲಾಯಿತು.

ಕಡತಗಳ ವಿಷಯದಲ್ಲಿ ಈಗಲ್ ಬಳಕೆದಾರರು ಒಂದರ್ಥದಲ್ಲಿ ಅದೃಷ್ಟವಂತರು. 2012ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ ಕ್ಯಾಡ್‌ಸಾಫ್ಟ್ ತನ್ನ ಕಡತಗಳನ್ನು ಎಕ್ಸ್‌ಎಂಎಲ್ ಎಂಬ ಓದಬಲ್ಲ ಪಠ್ಯರೂಪಕ್ಕೆ ಬದಲಿಸಿ ಅದರ ವಿವರಣೆಯನ್ನು ಪ್ರಕಟಿಸಿತ್ತು. ಇಂದು ಬೇರೆ ತಂತ್ರಾಂಶಗಳು ಈಗಲ್ ಕಡತಗಳನ್ನು ತೆರೆಯಬಲ್ಲವೆಂದರೆ ಈ ಒಂದು ತೀರ್ಮಾನವೇ ಕಾರಣ. ಅದಕ್ಕೂ ಹಿಂದಿನ ಆವೃತ್ತಿಗಳ ಕಡತಗಳು ದ್ವಿಮಾನ ರೂಪದಲ್ಲಿದ್ದು, ಅವುಗಳ ಗತಿ ಬೇರೆ.

ಕಿಕ್ಯಾಡ್

ಫ್ರಾನ್ಸಿನ ಗ್ರೆನೋಬಲ್‌ನ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಝಾನ್ ಪಿಯೆರ್ ಶರಾ ಎಂಬವರು 1992ರಲ್ಲಿ ಆರಂಭಿಸಿದ ಕಿಕ್ಯಾಡ್ ಮೊದಲಿನ ಹಲವು ವರ್ಷ ಯಾರ ಗಮನವನ್ನೂ ಹೆಚ್ಚಾಗಿ ಸೆಳೆಯಲಿಲ್ಲ. ಜಿಎನ್‌ಯು ಸಾರ್ವಜನಿಕ ಪರವಾನಗಿಯಡಿ ದೊರೆಯುತ್ತಿದ್ದ ಆ ತಂತ್ರಾಂಶಕ್ಕೆ ಫಲಕದ ಗಾತ್ರ, ಕಾಲುಗಳ ಸಂಖ್ಯೆ, ಬಳಕೆಯ ಉದ್ದೇಶ ಯಾವುದರಲ್ಲೂ ಕಟ್ಟುಪಾಡಿರಲಿಲ್ಲ. ಆದರೆ ಬಳಸುವವರ ತಾಳ್ಮೆಯನ್ನು ಅದು ಧಾರಾಳವಾಗಿ ಪರೀಕ್ಷಿಸುತ್ತಿತ್ತು. ಈಗಲ್‌ನಿಂದ ಬಂದವರು ಒಂದೆರಡು ದಿನ ಪ್ರಯತ್ನಿಸಿ ಹಿಂದಿರುಗಿದ್ದೇ ಹೆಚ್ಚು.

ಪರಿಸ್ಥಿತಿ ಬದಲಾದದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ. ಕಣವೇಗವರ್ಧಕಗಳ ನಿಯಂತ್ರಣಕ್ಕೆ ಬೇಕಾದ ಫಲಕಗಳನ್ನು ವಿನ್ಯಾಸಗೊಳಿಸಿ ಇತರ ಸಂಸ್ಥೆಗಳೊಡನೆ ಹಂಚಿಕೊಳ್ಳುತ್ತಿದ್ದ ಅಲ್ಲಿನ ಎಂಜಿನಿಯರುಗಳು 2011ರಲ್ಲಿ ಮುಕ್ತ ಯಂತ್ರಾಂಶಕ್ಕೆಂದೇ ಒಂದು ಪರವಾನಗಿಯನ್ನು ರೂಪಿಸಿದ್ದರು. ವಿನ್ಯಾಸವನ್ನು ಎಲ್ಲರಿಗೂ ಕೊಟ್ಟರೂ ಅದನ್ನು ತೆರೆಯಲು ದುಬಾರಿ ತಂತ್ರಾಂಶ ಬೇಕೆಂದಾದರೆ ಕೊಟ್ಟದ್ದು ಅರ್ಧ ಮಾತ್ರ ಎಂಬುದು ಅವರಿಗೆ ಬೇಗ ಮನವರಿಕೆಯಾಯಿತು. 2013ರಿಂದ ಸರ್ನ್ ತನ್ನ ತಂತ್ರಜ್ಞರನ್ನು ಕಿಕ್ಯಾಡ್ ಅಭಿವೃದ್ಧಿಗೆ ತೊಡಗಿಸಿತು. ಗೆರೆ ಎಳೆಯುವಾಗ ಅಡ್ಡ ಬಂದ ಇತರ ಗೆರೆಗಳನ್ನು ನಿಯಮ ಮೀರದಂತೆ ತಾನೇ ಪಕ್ಕಕ್ಕೆ ಸರಿಸುವ ಸೌಲಭ್ಯ ಆ ಕಾಲದ ಕೊಡುಗೆ. ಹತ್ತು ಗೆರೆಗಳ ನಡುವೆ ಹನ್ನೊಂದನೆಯದನ್ನು ತೂರಿಸಲು ಕಷ್ಟಪಟ್ಟವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. 2018ರಲ್ಲಿ ಐದನೆಯ, 2021ರ ಡಿಸೆಂಬರಿನಲ್ಲಿ ಆರನೆಯ ಆವೃತ್ತಿಗಳು ಬಂದವು. ಅಲ್ಲಿಂದೀಚೆಗೆ 2023, 2024, 2025ರ ಫೆಬ್ರವರಿಗಳಲ್ಲಿ ಏಳು, ಎಂಟು, ಒಂಬತ್ತನೆಯ ಆವೃತ್ತಿಗಳು ಕ್ರಮವಾಗಿ ಹೊರಬಂದವು. 2019ರಲ್ಲಿ ಈ ಯೋಜನೆ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಸೇರಿತು. ಇಂದು ಮೂವತ್ತೆರಡು ತಾಮ್ರಪದರಗಳವರೆಗಿನ ಫಲಕವನ್ನು ಅದರಲ್ಲಿ ವಿನ್ಯಾಸಗೊಳಿಸಬಹುದು. ಎರಡೇ ಪದರ ಬಳಸುವ ಹವ್ಯಾಸಿಗೆ ಈ ಸಂಖ್ಯೆಯಿಂದ ನೇರ ಪ್ರಯೋಜನವಿಲ್ಲ. ವೃತ್ತಿಪರರೂ ಬಳಸುವುದರಿಂದ ತಂತ್ರಾಂಶದ ದೋಷಗಳು ಬೇಗ ಬೆಳಕಿಗೆ ಬಂದು ಸರಿಯಾಗುತ್ತವೆ ಎಂಬುದು ಪ್ರಯೋಜನ.

ಕಿಕ್ಯಾಡ್‌ನ ಕಡತಗಳು ಸರಳ ಪಠ್ಯರೂಪದಲ್ಲಿವೆ. ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದರೂ ಯಾವ ಬಿಡಿಭಾಗ ಎಲ್ಲಿದೆ, ಯಾವ ಗೆರೆಯ ಅಗಲ ಎಷ್ಟು ಎಂಬುದನ್ನು ಓದಿ ತಿಳಿಯಬಹುದು. ನಾಳೆ ಕಿಕ್ಯಾಡ್ ನಿಂತುಹೋದರೂ ಆಕರ ಸಂಕೇತ ಎಲ್ಲರ ಬಳಿ ಇರುವುದರಿಂದ ಬೇರೆಯವರು ಅದನ್ನು ಮುಂದುವರಿಸಲು ಅಡ್ಡಿಯಿಲ್ಲ. ಇನ್ನು ಕೊರತೆಗಳು. ಬಿಡಿಭಾಗಗಳ ಸಂಗ್ರಹ ಹಾಗೂ ಮೂರು ಆಯಾಮದ ಮಾದರಿಗಳು ಸೇರಿ ವಿಂಡೋಸ್ ಪ್ರತಿಯ ಗಾತ್ರ ಒಂದು ಗಿಗಾಬೈಟಿಗೂ ಮೀರುತ್ತದೆ. ಹಳ್ಳಿಗಾಡಿನ ಅಂತರ್ಜಾಲ ಸಂಪರ್ಕದಲ್ಲಿ ಇದು ಸಣ್ಣ ಮಾತಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲವಾದ್ದರಿಂದ, ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಆವೃತ್ತಿ, ಮನೆಯಲ್ಲಿ ಇನ್ನೊಂದು ಇಟ್ಟುಕೊಂಡ ವಿದ್ಯಾರ್ಥಿ ತೊಂದರೆಗೆ ಸಿಲುಕುತ್ತಾನೆ. ಸಂಕೇತ ಬೇರೆ, ಫುಟ್‌ಪ್ರಿಂಟ್ ಬೇರೆ ಎಂದಿಟ್ಟು ಇವೆರಡನ್ನೂ ಬಳಸುವವನೇ ಜೋಡಿಸಬೇಕೆಂಬ ಕ್ರಮ ಹೊಸಬರಿಗೆ ಇಂದಿಗೂ ಗೊಂದಲ ತರುತ್ತದೆ.

ಭಾರತದಲ್ಲಿ ಕಿಕ್ಯಾಡ್ ಪರಿಚಿತವಾದದ್ದಕ್ಕೆ ಮುಂಬಯಿಯ ಐಐಟಿಯ ಫಾಸೀ ಯೋಜನೆಯೂ ಒಂದು ಕಾರಣ. ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆಯುವ ಈ ಯೋಜನೆ ರೂಪಿಸಿದ ಈಸಿಮ್ ಎಂಬ ತಂತ್ರಾಂಶವು ನಕ್ಷೆಗೆ ಕಿಕ್ಯಾಡ್ ಅನ್ನೂ, ಮಂಡಲದ ವರ್ತನೆಯನ್ನು ಲೆಕ್ಕ ಹಾಕಲು ಎನ್‌ಜಿಸ್ಪೈಸ್ ಅನ್ನೂ ಒಟ್ಟುಗೂಡಿಸುತ್ತದೆ. ಕನ್ನಡಿಗರಿಗೆ ಸಂಬಂಧಿಸಿದ ಒಂದು ಚಿಕ್ಕ ಸಂಗತಿಯನ್ನೂ ಇಲ್ಲಿ ಹೇಳಬಹುದು. ಏಳನೆಯ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರುವ ಅಕ್ಷರವಿನ್ಯಾಸಗಳನ್ನು ಫಲಕದ ಬರಹಕ್ಕೆ ಬಳಸಲು ಅವಕಾಶವಾಗಿರುವುದರಿಂದ, ‘ಧ್ವನಿ’, ‘ದೀಪ’, ‘ನಿಲ್ಲಿಸು’ ಮುಂತಾದ ಕನ್ನಡದ ಹೆಸರುಗಳನ್ನು ಫಲಕದ ಮೇಲೆಯೇ ಮುದ್ರಿಸುವ ದಾರಿ ತೆರೆದಿದೆ. ಒತ್ತಕ್ಷರಗಳ ಸಣ್ಣ ಸುರುಳಿಗಳು ಕಾರ್ಖಾನೆಯ ಶಾಯಿಯಲ್ಲಿ ಕಲಸಿಹೋಗದಂತೆ ಅಕ್ಷರಗಳನ್ನು ಇಂಗ್ಲಿಷಿಗಿಂತ ತುಸು ದೊಡ್ಡದಾಗಿಡುವುದು ಅಗತ್ಯ.

ಇತರ ತಂತ್ರಾಂಶಗಳು

ಮುಕ್ತವಾಗಿದ್ದ ಮಾತ್ರಕ್ಕೆ ತಂತ್ರಾಂಶ ಬಾಳುತ್ತದೆಂದು ತಿಳಿಯಬೇಕಾಗಿಲ್ಲ. 1990ರ ದಶಕದ ಕೊನೆಯಲ್ಲಿ ಆರಂಭವಾದ ಜಿಇಡಿಎ ಒಂದು ಕಾಲಕ್ಕೆ ಕಿಕ್ಯಾಡ್‌ಗಿಂತ ಹೆಚ್ಚು ಹೆಸರಾಗಿತ್ತು. ಕೆಲಸ ಮಾಡುವವರು ಕಡಿಮೆಯಾದಂತೆ ಅದರ ಬೆಳವಣಿಗೆ ಕುಂಠಿತವಾಯಿತು. ಲೆಪ್ಟನ್-ಇಡಿಎ, ಪಿಸಿಬಿ-ಆರ್‌ಎನ್‌ಡಿ ಎಂಬ ಕವಲುಗಳಾಗಿ ಅದರ ಭಾಗಗಳು ಉಳಿದುಕೊಂಡವು. ಈಗಲ್‌ನ ಅಂತ್ಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಬಾಗಿಲು ಹಾಕಿದವರು ಯಾರೂ ಇಲ್ಲ, ಮುಂದುವರಿಸಲು ಬಯಸಿದವರು ಮುಂದುವರಿಸಿದರು.

ಜರ್ಮನಿಯ ಪೋಟ್ಸ್‌ಡಾಮ್ ನಗರದ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫ್ರಿಟ್ಜಿಂಗ್, ಬ್ರೆಡ್‌ಬೋರ್ಡಿನ ಮೇಲೆ ತಂತಿ ಚುಚ್ಚಿದಂತೆಯೇ ಚಿತ್ರ ಬರೆಯಲು ಅವಕಾಶ ಕೊಡುತ್ತದೆ. ಅದರ ಆಕರ ಸಂಕೇತ ಮುಕ್ತವಾಗಿದ್ದರೂ ಸಿದ್ಧ ಪ್ರತಿಯನ್ನು ಅಧಿಕೃತ ತಾಣದಿಂದ ಪಡೆಯಲು ಸಣ್ಣ ಮೊತ್ತ ಕೊಡಬೇಕು. ಮುಕ್ತವಾಗಿದ್ದೂ ಉಚಿತವಲ್ಲದ್ದಕ್ಕೆ ಇದೇ ನಿದರ್ಶನ. ಶಾಲಾ ಮಕ್ಕಳಿಗೆ ಕಲಿಸಲು ಇದಕ್ಕಿಂತ ಚೆನ್ನಾದದ್ದು ಸಿಗಲಾರದು. ದಟ್ಟವಾದ ಫಲಕಗಳಿಗೆ ಒದಗುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ 2013ರಲ್ಲಿ ಆರಂಭವಾಗಿ 2023ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಲಿಬ್ರೆಪಿಸಿಬಿ ಕಿಕ್ಯಾಡ್‌ಗಿಂತ ಹಗುರ, ಬಿಡಿಭಾಗಗಳ ಸಂಗ್ರಹ ಹೆಚ್ಚು ಕಟ್ಟುನಿಟ್ಟು.

ಚೀನಾದ ಶೆನ್‌ಜೆನ್‌ನಿಂದ ಬಂದ ಈಸಿಇಡಿಎ ಅಂತರ್ಜಾಲದ ಬ್ರೌಸರಿನಲ್ಲೇ ನಡೆಯುತ್ತದೆ. ಫಲಕ ತಯಾರಿಸುವ ಕಾರ್ಖಾನೆ ಹಾಗೂ ಬಿಡಿಭಾಗಗಳ ಮಳಿಗೆಯೊಂದಿಗೆ ಬೆಸೆದುಕೊಂಡಿರುವುದು ಅದರ ದೊಡ್ಡ ಅನುಕೂಲ. ಆಯ್ದ ಬಿಡಿಭಾಗಕ್ಕೆ ತಕ್ಕ ಫುಟ್‌ಪ್ರಿಂಟ್ ಸಿದ್ಧವಾಗಿಯೇ ದೊರೆಯುತ್ತದೆ, ಮಳಿಗೆಯಲ್ಲಿ ಅದರ ದಾಸ್ತಾನು ಎಷ್ಟಿದೆಯೆಂಬುದೂ ತಿಳಿಯುತ್ತದೆ. ಗರ್ಬರ್ ಕಡತವನ್ನು ಹೊರತೆಗೆಯಲು ಅಡ್ಡಿಯಿಲ್ಲವಾದ್ದರಿಂದ ಹಳೆಯ ಎಕ್ಸ್‌ಪ್ರೆಸ್‌ಪಿಸಿಬಿಯ ಬಂಧನ ಇಲ್ಲಿಲ್ಲ. ಒಂದೇ ವಾರದಲ್ಲಿ ಒಂದೇ ಫಲಕ ಬೇಕಾದವರಿಗೆ ಇದು ಸರಿಯಾದ ಆಯ್ಕೆ ಎನ್ನಲು ಸಂಕೋಚಪಡಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಕೂಡಿಡುವ ವಿನ್ಯಾಸಗಳನ್ನು ಬೇರೆಯವರ ಸರ್ವರಿನಲ್ಲಿ ಮಾತ್ರ ಇರಿಸುವುದು ಜಾಣತನವಲ್ಲ.

ತಂತ್ರಾಂಶ ನೋಡದ ತಪ್ಪುಗಳು

ಯಾವ ತಂತ್ರಾಂಶವನ್ನೇ ಆಯ್ದರೂ ಕೆಟ್ಟ ಫಲಕಗಳಿಗೆ ಬಹುಮಟ್ಟಿಗೆ ಕಾರಣ ಫುಟ್‌ಪ್ರಿಂಟ್‌ಗಳು. ಬಿಸಿ547 ಮತ್ತು 2ಎನ್3904 ಎರಡೂ ಒಂದೇ ಆಕಾರದ ಕವಚದಲ್ಲಿ ಬರುವ ಎನ್‌ಪಿಎನ್ ಟ್ರಾನ್ಸಿಸ್ಟರುಗಳು. ಚಪ್ಪಟೆ ಮುಖ ತನ್ನ ಕಡೆಗಿರುವಂತೆ, ಕಾಲುಗಳು ಕೆಳಗಿರುವಂತೆ ಹಿಡಿದರೆ ಮೊದಲನೆಯದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಸಂಕೇತಕ್ಕೆ ಇನ್ನೊಂದರ ಕ್ರಮ ಜೋಡಿಸಿದರೆ ತಂತ್ರಾಂಶಕ್ಕೆ ಅದರಲ್ಲಿ ದೋಷ ಕಾಣುವುದಿಲ್ಲ. ನಿಯಮ ಪರಿಶೀಲನೆ ನಿರಾತಂಕವಾಗಿ ಮುಗಿಯುತ್ತದೆ, ಫಲಕ ಮಾತ್ರ ಕೆಲಸ ಮಾಡುವುದಿಲ್ಲ. ತಿರುಪು ಕನೆಕ್ಟರ್‌ಗಳಲ್ಲಿ 5.00 ಮಿ.ಮೀ. ಮತ್ತು 5.08 ಮಿ.ಮೀ. ಅಂತರದವು ಪಕ್ಕಪಕ್ಕದಲ್ಲಿಟ್ಟರೂ ಕಣ್ಣಿಗೆ ಒಂದೇ. ಎರಡು ಕಾಲಿನದಾದರೆ ಹೇಗೋ ಕೂರುತ್ತದೆ. ಹತ್ತು ಕಾಲಿನದರಲ್ಲಿ ವ್ಯತ್ಯಾಸ 0.72 ಮಿ.ಮೀ. ಆಗಿ ಕೊನೆಯ ಕಾಲು ರಂಧ್ರಕ್ಕೆ ಇಳಿಯುವುದೇ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಿಡಿಭಾಗ ಕೊಳ್ಳುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ದೊರೆಯುವ ರಿಲೇ, ಸ್ವಿಚ್ಚು, ವಿದ್ಯುತ್ ಜ್ಯಾಕ್‌ಗಳಲ್ಲಿ ತಯಾರಕರ ಹೆಸರೇ ಇಲ್ಲದವು ಎಷ್ಟೋ ಇರುತ್ತವೆ. ತಂತ್ರಾಂಶದ ಸಂಗ್ರಹದಲ್ಲಿರುವ ಫುಟ್‌ಪ್ರಿಂಟ್ ಅವಕ್ಕೆ ಒಪ್ಪುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಬಿಡಿಭಾಗ ಮೊದಲು, ವಿನ್ಯಾಸ ಆಮೇಲೆ ಎಂಬ ಕ್ರಮವೇ ಸರಿ. ವರ್ನಿಯರ್ ಕ್ಯಾಲಿಪರಿನಿಂದ ಕಾಲುಗಳ ಅಂತರ ಅಳೆದು, ವಿನ್ಯಾಸವನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಬಿಡಿಭಾಗಗಳನ್ನು ಆ ಕಾಗದಕ್ಕೆ ಚುಚ್ಚಿ ನೋಡಿದರೆ ಒಂದು ಹಾಳೆಯ ಖರ್ಚಿನಲ್ಲಿ ಹತ್ತು ಫಲಕಗಳು ಉಳಿಯುತ್ತವೆ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ತೆಗೆದಿರಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಗೆರೆಯ ಅಗಲವೂ ತಂತ್ರಾಂಶ ತಾನಾಗಿ ನಿರ್ಧರಿಸುವ ಸಂಗತಿಯಲ್ಲ. ಸಾಮಾನ್ಯ ಫಲಕದ 35 ಮೈಕ್ರೋಮೀಟರ್ ದಪ್ಪದ ತಾಮ್ರದಲ್ಲಿ 1 ಮಿ.ಮೀ. ಅಗಲದ ಗೆರೆ ಹತ್ತು ಡಿಗ್ರಿಯಷ್ಟು ಬಿಸಿಯೇರಿ ಸುಮಾರು 2 ಆಂಪಿಯರ್ ಒಯ್ಯಬಲ್ಲದು. ಸಂಕೇತ ಸಾಗಿಸುವ ಗೆರೆಗೆ ಇಟ್ಟ 0.25 ಮಿ.ಮೀ.ಯನ್ನೇ ಮೋಟಾರಿನ ಗೆರೆಗೂ ಇಟ್ಟರೆ ಫಲಕವೇ ಫ್ಯೂಸ್ ಆದೀತು. ಇಂಥ ಲೆಕ್ಕಗಳಿಗೆ ಕಿಕ್ಯಾಡ್‌ನೊಳಗೇ ಒಂದು ಸಾಧನವಿದೆ. ಕೊನೆಗೆ, ಗರ್ಬರ್ ಕಡತಗಳನ್ನು ಕಾರ್ಖಾನೆಗೆ ಕಳಿಸುವ ಮುನ್ನ ಅವುಗಳನ್ನು ತಯಾರಿಸಿದ ತಂತ್ರಾಂಶದಲ್ಲಲ್ಲದೆ ಗರ್ಬ್‌ವಿಯಂಥ ಬೇರೊಂದು ವೀಕ್ಷಕದಲ್ಲಿ ತೆರೆದು ನೋಡಬೇಕು. ಬರೆದವನೇ ಕರಡು ತಿದ್ದಿದರೆ ತಪ್ಪು ಉಳಿಯುವುದು ಅಚ್ಚುಮನೆಯವರಿಗೆಲ್ಲ ತಿಳಿದದ್ದೇ.

ಹಳೆಯ ಕಡತಗಳ ವಲಸೆ

ಈಗಲ್‌ನಲ್ಲಿ ವಿನ್ಯಾಸ ಮಾಡಿಟ್ಟವರ ಮುಂದಿರುವ ಕೆಲಸ ಮುಂದೂಡುವಂಥದ್ದಲ್ಲ. ಆರನೆಯ ಆವೃತ್ತಿ ಅಥವಾ ಅದರ ನಂತರದ ಕಡತಗಳಾದರೆ ಕಿಕ್ಯಾಡ್‌ನ ಆಮದು ಸೌಲಭ್ಯದಿಂದ ನಕ್ಷೆಯನ್ನೂ ಫಲಕವನ್ನೂ ಒಟ್ಟಿಗೆ ತೆರೆಯಬಹುದು. 2018ರ ಐದನೆಯ ಆವೃತ್ತಿಯಿಂದಲೂ ಇದು ಸಾಧ್ಯ. ತೆರೆದ ಕೂಡಲೇ ನಿಯಮ ಪರಿಶೀಲನೆ ನಡೆಸಿ, ತಾಮ್ರ ತುಂಬಿದ ಪ್ರದೇಶಗಳನ್ನು ಹೊಸದಾಗಿ ತುಂಬಿಸಿ, ಹಳೆಯ ಮುದ್ರಿತ ಪ್ರತಿಯೊಡನೆ ಹೋಲಿಸಬೇಕು. ಐದನೆಯ ಆವೃತ್ತಿ ಮತ್ತು ಅದಕ್ಕೂ ಹಿಂದಿನ ದ್ವಿಮಾನ ಕಡತಗಳಿಗೆ ಭದ್ರವಾದ ಮಾರ್ಗವೆಂದರೆ, ಖಾತೆಯ ಹಂಗಿಲ್ಲದೆ ನಡೆಯುವ ಈಗಲ್‌ನ ಆರು ಅಥವಾ ಏಳನೆಯ ಆವೃತ್ತಿಯಲ್ಲಿ ಅವುಗಳನ್ನು ತೆರೆದು ಮತ್ತೆ ಉಳಿಸುವುದು. ಹಾಗೆ ಉಳಿಸಿದಾಗ ಕಡತ ತಾನಾಗಿಯೇ ಎಕ್ಸ್‌ಎಂಎಲ್ ರೂಪಕ್ಕೆ ಬದಲಾಗುತ್ತದೆ. ಆ ಆವೃತ್ತಿಯ ಸ್ಥಾಪನಾ ಕಡತ ಹಳೆಯ ಸಿಡಿಯಲ್ಲೋ ಕಾಲೇಜಿನ ಮೂಲೆಯ ಕಂಪ್ಯೂಟರಿನಲ್ಲೋ ಇದ್ದರೆ ಅದರ ಪ್ರತಿಯೊಂದನ್ನು ಜೋಪಾನವಾಗಿ ತೆಗೆದಿಡುವುದು ಮೊದಲ ಹೆಜ್ಜೆ. ಪ್ರತಿಯೊಂದು ವಿನ್ಯಾಸದ ಜೊತೆಗೂ ಅದರ ಗರ್ಬರ್ ಕಡತಗಳು, ನಕ್ಷೆಯ ಪಿಡಿಎಫ್ ಪ್ರತಿ ಹಾಗೂ ಬಿಡಿಭಾಗಗಳ ಪಟ್ಟಿಯನ್ನು ಸಾಮಾನ್ಯ ಪಠ್ಯವಾಗಿ ಒಂದೇ ಕೋಶದಲ್ಲಿ ಇರಿಸಿದರೆ, ಮೂಲ ಕಡತ ತೆರೆಯದಿದ್ದಾಗಲೂ ಮಂಡಲವನ್ನು ಮತ್ತೆ ಬರೆಯಲು ಬೇಕಾದ ಸಾಮಗ್ರಿ ಕೈಯಲ್ಲಿರುತ್ತದೆ.